ಕಾಲೇಜಿನ ಲೆಕ್ಕ: ಹೇಳುವ ಬೆಲೆ, ಕೊಡುವ ಬೆಲೆ

ಕನ್ನಡ ಕೂಟದ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಾಗ ನಾವು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ ಒಂದೇ. "ನಿಮ್ಮ ಮಗಳಿಗೆ ಯಾವ ಕಾಲೇಜು ಸಿಕ್ಕಿತು?" ಉತ್ತರ ಬಂದ ಮೇಲೆ "ಒಳ್ಳೇದಾಯ್ತು ಬಿಡಿ" ಅನ್ನುತ್ತೇವೆ, ಹೋಳಿಗೆ ಹಾಕಿಸಿಕೊಂಡು ಮುಂದೆ ಹೋಗುತ್ತೇವೆ. "ವರ್ಷಕ್ಕೆ ಎಷ್ಟಾಗುತ್ತೆ, ಹೇಗೆ ಹೊಂದಿಸ್ತಿದ್ದೀರಿ?" ಎಂದು ಯಾರೂ ಕೇಳುವುದಿಲ್ಲ. ಮನೆ ಕೊಳ್ಳುವಾಗ ಬಡ್ಡಿ ದರ ಎಷ್ಟೆಂದು ಊರೆಲ್ಲ ವಿಚಾರಿಸುವವರು ನಾವು. ಮನೆ ಬಿಟ್ಟರೆ ಬದುಕಿನ ಅತಿ ದೊಡ್ಡ ಖರ್ಚು ಇದೇ. ಇದನ್ನು ಮಾತ್ರ ಬಾಗಿಲು ಹಾಕಿಕೊಂಡು, ಗಂಡ ಹೆಂಡತಿ ಇಬ್ಬರೇ, ರಾತ್ರಿ ಹನ್ನೊಂದರ ಮೇಲೆ ಮಾಡುತ್ತೇವೆ.

ಕೆಲವು ವರ್ಷಗಳಿಂದ ಅಕ್ಟೋಬರ್ ಬಂತೆಂದರೆ ಪರಿಚಯದವರ ಮನೆಗಳಲ್ಲಿ ಕೂತು ಕಾಲೇಜಿನ ಹಣದ ಅರ್ಜಿಗಳನ್ನು ತುಂಬಿಸುವ ಕೆಲಸ ನನಗೆ ಅಂಟಿಕೊಂಡಿದೆ. ನಾನು ಹಣಕಾಸು ಸಲಹೆಗಾರ್ತಿಯಲ್ಲ. ಹೈಸ್ಕೂಲಿನಲ್ಲಿ ಮಕ್ಕಳಿರುವ ನಿಮಗೆ ಆ ಮೇಜುಗಳ ಸುತ್ತ ಮತ್ತೆ ಮತ್ತೆ ಎದ್ದ ಪ್ರಶ್ನೆಗಳನ್ನೇ ಹೇಳುತ್ತೇನೆ. ಇರುವುದು ಕ್ಯಾಲಿಫೋರ್ನಿಯಾದಲ್ಲಿ, ಹಾಗಾಗಿ ಉದಾಹರಣೆಗಳು ಇಲ್ಲಿಯವೇ ಹೆಚ್ಚು.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ನಮ್ಮೂರಿನಲ್ಲಿ ಟ್ಯೂಷನ್ ಎಂದರೆ ಸಂಜೆ ಮೇಷ್ಟರ ಮನೆಗೆ ಹೋಗಿ ಗಣಿತ ಕಲಿಯುವುದು. ಇಲ್ಲಿ ಟ್ಯೂಷನ್ ಎಂದರೆ ಕಾಲೇಜಿನ ಫೀಸು. ಊರಿನಿಂದ ಫೋನ್ ಮಾಡುವ ಅತ್ತೆ "ಅಷ್ಟು ದೊಡ್ಡ ಕಾಲೇಜಿಗೆ ಹಾಕಿ ಮತ್ತೆ ಟ್ಯೂಷನ್ನಿಗೂ ದುಡ್ಡು ಕಟ್ಟಬೇಕಾ?" ಎಂದು ಕೇಳಿದರೆ ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ನಾವೂ ಆ ಪದಕ್ಕೇ ಜೋತುಬೀಳುತ್ತೇವೆ. ಫೀಸು ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, ಅಂದರೆ ಬರ್ಕ್ಲಿ, ಡೇವಿಸ್, ಅರ್ವೈನ್ ಎಲ್ಲ ಸೇರಿದ ಯುಸಿಯಲ್ಲಿ, ಈ ರಾಜ್ಯದವರಿಗೆ ವರ್ಷದ ಫೀಸು ಹದಿನಾಲ್ಕು ಸಾವಿರ ಡಾಲರಿಗೂ ಮೇಲೆ. ಅಲ್ಲೇ ಡಾರ್ಮಿನಲ್ಲಿದ್ದು ಓದಿದರೆ ಒಟ್ಟು ಖರ್ಚು ನಲವತ್ತು ಸಾವಿರ ದಾಟುತ್ತದೆ. ನಡುವಿನ ಇಪ್ಪತ್ತೈದು ಸಾವಿರ ಹೋಗುವುದು ಕೋಣೆ, ಊಟ, ಪುಸ್ತಕ, ವಿಮೆ, ಓಡಾಟಕ್ಕೆ. ಫೀಸನ್ನು ನಾವು ಇಳಿಸಲಾರೆವು. ಈ ಇಪ್ಪತ್ತೈದು ಸಾವಿರದಲ್ಲಿ ಮಾತ್ರ ನಮ್ಮ ಕೈ ಆಡುತ್ತದೆ. ಮನೆಯಿಂದಲೇ ಓಡಾಡುವಷ್ಟು ಹತ್ತಿರದ ಸ್ಟೇಟ್ ಯೂನಿವರ್ಸಿಟಿಗೆ ಹೋಗುವ ಮಕ್ಕಳ ಲೆಕ್ಕ ಅಷ್ಟು ಹಗುರಾಗುವುದು ಇದರಿಂದಲೇ.

ಇನ್ನು ಖಾಸಗಿ ಕಾಲೇಜುಗಳು. ಹೆಸರಾಂತ ಕೆಲವು ಕಡೆ ಎಲ್ಲ ಸೇರಿ ವರ್ಷಕ್ಕೆ ತೊಂಬತ್ತು ಸಾವಿರ ಡಾಲರಿನ ಆಸುಪಾಸು ಎಂದು ಬರೆದಿರುತ್ತಾರೆ. ಅದನ್ನು ರೂಪಾಯಿ ಲೆಕ್ಕಕ್ಕೆ ಗುಣಿಸಿ ಊರಿನವರಿಗೆ ಹೇಳಲು ಹೋಗಬೇಡಿ, ಸುಮ್ಮನೆ ರಕ್ತದೊತ್ತಡ. ಅದು ಚಿಕ್ಕಪೇಟೆಯ ಸೀರೆ ಅಂಗಡಿಯವರು ಮೊದಲು ಹೇಳುವ ಬೆಲೆಯಂತೆ, ಹೇಳುವುದೊಂದು, ಕೊಡುವುದೊಂದು. ವ್ಯತ್ಯಾಸ ಇಷ್ಟೇ, ಇಲ್ಲಿ ಚೌಕಾಸಿ ನಡೆಯುವುದು ಮಾತಿನಲ್ಲಲ್ಲ, ಆದಾಯದ ಕಾಗದದಲ್ಲಿ. 2025ರಲ್ಲಿ ಕಾಲೇಜು ಸೇರುವವರಿಂದ ಮೊದಲುಗೊಂಡು ಎಂಐಟಿ ಮತ್ತು ಹಾರ್ವರ್ಡ್ ಎರಡೂ, ವರ್ಷಕ್ಕೆ ಎರಡು ಲಕ್ಷ ಡಾಲರಿಗಿಂತ ಕಡಿಮೆ ಆದಾಯದ, ಸಾಮಾನ್ಯ ಆಸ್ತಿಯುಳ್ಳ ಮನೆಗಳಿಗೆ ಫೀಸೇ ಇಲ್ಲ ಎಂದು ಘೋಷಿಸಿವೆ. ಒಂದೂವರೆ ಲಕ್ಷ ಸಂಪಾದಿಸುವ ಮನೆಯ ಹುಡುಗಿಗೆ, ಬೇರೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಅಲ್ಲಿ ಓದುವುದೇ ಅಗ್ಗವಾಗಬಹುದು. ಸೀಟು ಸಿಗುವುದು ಕಷ್ಟ, ಅದು ಬೇರೆ ಮಾತು. ಬೆಲೆ ನೋಡಿ ಹೆದರಿ ಅರ್ಜಿಯನ್ನೇ ಹಾಕದಿರುವವರಿಗೆ ಈ ಮಾತು ಹೇಳಿದೆ.

ಕೊಡುವ ಬೆಲೆ ಎಷ್ಟೆಂದು ಅರ್ಜಿಗೆ ಮೊದಲೇ ತಿಳಿಯುವ ದಾರಿ ಇದೆ. ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಎಂಬುದನ್ನು 2011ರಿಂದ ಪ್ರತಿ ಕಾಲೇಜೂ ತನ್ನ ಜಾಲತಾಣದಲ್ಲಿ ಇಡಲೇಬೇಕೆಂದು ಕೇಂದ್ರ ಸರ್ಕಾರದ ಕಾನೂನಿದೆ. ನಿಮ್ಮ ತೆರಿಗೆಯ ಕಾಗದ ಪಕ್ಕದಲ್ಲಿಟ್ಟುಕೊಂಡು ಕೂತರೆ ಇಪ್ಪತ್ತು ನಿಮಿಷದ ಕೆಲಸ. ಮಗು ಹನ್ನೊಂದನೇ ತರಗತಿಯಲ್ಲಿರುವಾಗಲೇ, ಅವರು ಕನಸು ಕಾಣುವ ಆರೇಳು ಕಾಲೇಜುಗಳಿಗೆ ಇದನ್ನು ಮಾಡಿ, ಬಂದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಮಗುವಿನ ಎದುರಿಗೇ ಬರೆಯಿರಿ. ಇದರ ಬಗ್ಗೆ ಮತ್ತೆ ಹೇಳುತ್ತೇನೆ.

ಈಗ ಫಾಫ್ಸಾ. ಕೇಂದ್ರ ಶಿಕ್ಷಣ ಇಲಾಖೆಯ ಈ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ 1ರ ಹೊತ್ತಿಗೆ ತೆರೆಯುತ್ತದೆ. ತುಂಬಲು ಒಂದು ಸೆಂಟೂ ಕೊಡಬೇಕಿಲ್ಲ. ದುಡ್ಡು ಕೇಳುವ ತಾಣಕ್ಕೆ ಹೋಗಿದ್ದೀರೆಂದರೆ ದಾರಿ ತಪ್ಪಿದ್ದೀರೆಂದೇ ಅರ್ಥ. ಸರ್ಕಾರದ ತಾಣದ ವಿಳಾಸ ಡಾಟ್ ಗವ್ ಎಂದೇ ಮುಗಿಯುತ್ತದೆ. ನಮ್ಮವರಲ್ಲಿ ಅರ್ಧಕ್ಕರ್ಧ ಮಂದಿ ಹೇಳುವುದು, "ನಮ್ಮಿಬ್ಬರದೂ ಸಂಬಳ ಚೆನ್ನಾಗಿದೆ, ನಮಗೇನೂ ಸಿಗಲ್ಲ, ಯಾಕೆ ತುಂಬಬೇಕು?" ತುಂಬಿ. ಮಗುವಿನ ಹೆಸರಿನಲ್ಲಿ ಸಿಗುವ ಸರ್ಕಾರಿ ಸಾಲಕ್ಕೆ ಇದು ಬೇಕು. ಪ್ರತಿಭೆ ನೋಡಿ ಕೊಡುವ ಹಣಕ್ಕೂ ಕೆಲವು ಕಾಲೇಜುಗಳು ಇದನ್ನು ಕೇಳುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ನಡುವೆ ಕೆಲಸ ಹೋದರೆ ಕಾಲೇಜಿನ ಬಾಗಿಲು ತಟ್ಟಲು ಇದೇ ಆಧಾರ.

ಇನ್ನೊಂದು ತಪ್ಪು ತಿಳಿವಳಿಕೆ ನನ್ನನ್ನು ನಿಜವಾಗಿ ಬೇಜಾರುಪಡಿಸುತ್ತದೆ. ಅಪ್ಪ ಅಮ್ಮ ಎಚ್-1ಬಿಯಲ್ಲಿದ್ದಾರೆ, ಮಗ ಇಲ್ಲೇ ಹುಟ್ಟಿದ ಅಮೆರಿಕದ ಪ್ರಜೆ. "ನಮ್ಮದು ಇನ್ನೂ ಗ್ರೀನ್ ಕಾರ್ಡ್ ಆಗಿಲ್ಲವಲ್ಲ, ನಾವು ಹಾಕುವ ಹಾಗಿಲ್ಲ" ಎಂದು ಸುಮ್ಮನಿದ್ದುಬಿಡುತ್ತಾರೆ. ಫಾಫ್ಸಾ ನೋಡುವುದು ವಿದ್ಯಾರ್ಥಿಯ ಪೌರತ್ವವನ್ನು, ತಂದೆತಾಯಿಯದನ್ನಲ್ಲ. ಆ ಹುಡುಗನಿಗೆ ಎಲ್ಲ ಹಕ್ಕೂ ಇದೆ.

ಆದರೆ ಅದೇ ಮನೆಯ ದೊಡ್ಡ ಮಗಳು ಬೆಂಗಳೂರಿನಲ್ಲಿ ಹುಟ್ಟಿ, ಎರಡು ವರ್ಷದವಳಿದ್ದಾಗ ಇಲ್ಲಿಗೆ ಬಂದವಳಾದರೆ? ಅವಳದು ಎಚ್-4. ಇಲ್ಲಿಯ ಶಾಲೆಯಲ್ಲೇ ಬೆಳೆದಿದ್ದಾಳೆ, ತಮ್ಮನಿಗಿಂತ ಚೆನ್ನಾಗಿ ಓದುತ್ತಾಳೆ. ಕೇಂದ್ರದ ನೆರವೂ ಇಲ್ಲ, ಸರ್ಕಾರಿ ಸಾಲವೂ ಇಲ್ಲ, ಕ್ಯಾಂಪಸ್ಸಿನಲ್ಲಿ ಗಂಟೆಗಿಷ್ಟೆಂದು ದುಡಿಯಲೂ ಆಗದು. ಇಪ್ಪತ್ತೊಂದು ತುಂಬುವುದರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ಎಫ್-1ಗೆ ಬದಲಾಯಿಸಬೇಕು. ಒಂದೇ ಮೇಜಿನ ಎರಡು ಕುರ್ಚಿಗಳಲ್ಲಿ ಅಕ್ಕ ತಮ್ಮ ಕೂತಿದ್ದಾಗ ಈ ಮಾತು ಹೇಳಬೇಕಾಗಿ ಬಂದ ಮನೆಗಳಿವೆ. ಅಂಥ ಮನೆಯವರು ಹತ್ತನೇ ತರಗತಿಯಲ್ಲೇ ಮೂರು ವಿಷಯ ವಿಚಾರಿಸಬೇಕು. ನಿಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ಎಚ್-4 ಮಕ್ಕಳಿಗೆ ಆ ರಾಜ್ಯದವರ ಫೀಸನ್ನೇ ಹಾಕುತ್ತವೆಯೇ ಎಂಬುದು ಒಂದು; ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಹಣ ಮಾತ್ರ ಹತ್ತಾರು ಸಾವಿರದ್ದು. ಖಾಸಗಿ ಕಾಲೇಜು ನಿಮ್ಮ ಮಗಳನ್ನು ವಿದೇಶಿ ವಿದ್ಯಾರ್ಥಿ ಎಂದು ಎಣಿಸುತ್ತದೆಯೇ, ಹಾಗಿದ್ದರೆ ವಿದೇಶಿಯರಿಗೆ ಎಷ್ಟು ನೆರವು ಕೊಡುತ್ತದೆ ಎಂಬುದು ಎರಡನೆಯದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಯಂಥ ಕೆಲವೇ ಕೆಲವು ಕಡೆ ಪೌರತ್ವ ನೋಡದೆ ಪೂರ್ತಿ ನೆರವು ಕೊಡುತ್ತಾರೆ. ಅರ್ಹತೆಯಲ್ಲಿ ಪೌರತ್ವದ ಷರತ್ತಿಲ್ಲದ ಸ್ಕಾಲರ್‌ಶಿಪ್ ಯಾವುವು ಎಂಬುದು ಮೂರನೆಯದು. ಹುಡುಕಿದರೆ ಇರುತ್ತವೆ, ಸಂಖ್ಯೆ ಮಾತ್ರ ಕಡಿಮೆ.

"ಹಾಗಾದರೆ ಬೆಂಗಳೂರಿಗೇ ಕಳಿಸಿಬಿಡೋಣ" ಎಂಬ ಮಾತು ಇಂಥ ಹೊತ್ತಿನಲ್ಲಿ ಬಂದೇ ಬರುತ್ತದೆ. ಭಾರತದ ಪಾಸ್‌ಪೋರ್ಟ್ ಇರುವ ಮಗಳಿಗೆ ಅದು ಯೋಚಿಸಬೇಕಾದ ದಾರಿಯೇ. ಓಸಿಐ ಕಾರ್ಡಿನ ಮಕ್ಕಳಿಗೆ ಮಾತ್ರ 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆ ನೆನಪಿರಲಿ. ನೀಟ್, ಜೆಇಇಯಂಥ ಪರೀಕ್ಷೆಗಳಲ್ಲಿ, ಅದರ ನಂತರ ಕಾರ್ಡ್ ಪಡೆದವರಿಗೆ ಅನಿವಾಸಿಗಳ ಸೀಟು ಇಲ್ಲವೇ ಹೆಚ್ಚುವರಿ ಸೀಟು ಮಾತ್ರ. ಆ ಸೀಟುಗಳ ಫೀಸು ಕೇಳಿದ ಮೇಲೆ ಅನೇಕರು ವಾಪಸ್ಸು ಫಾಫ್ಸಾಕ್ಕೇ ಬಂದಿದ್ದಾರೆ.

ಅರ್ಜಿಯಲ್ಲಿ ಆಸ್ತಿಯ ಕಲಮು ಬಂದಾಗ ಮೇಜಿನ ಸುತ್ತ ಮೌನ. ನೀವು ಇರುವ ಮನೆಯ ಬೆಲೆಯನ್ನು ಫಾಫ್ಸಾ ಕೇಳುವುದಿಲ್ಲ. ನಿವೃತ್ತಿಗೆಂದು 401-ಕೆಯಲ್ಲಿ ಕೂಡಿಟ್ಟಿದ್ದನ್ನೂ ಕೇಳುವುದಿಲ್ಲ. ಆದರೆ ಮೈಸೂರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಸೈಟನ್ನು, ಬಾಡಿಗೆಗೆ ಕೊಟ್ಟ ಜಯನಗರದ ಫ್ಲ್ಯಾಟನ್ನು, ಊರಿನ ಬ್ಯಾಂಕಿನ ಠೇವಣಿಯನ್ನು ಕೇಳುತ್ತದೆ. "ಅದು ಇಂಡಿಯಾದಲ್ಲಿದೆಯಲ್ಲ" ಎಂದರೆ ನಡೆಯದು. ಸಹಿ ಹಾಕುವುದು ಸರ್ಕಾರದ ಅರ್ಜಿಗೆ, ನಿಜ ಬರೆಯಿರಿ. ನಿಜ ಬರೆದರೂ ಭಯಪಡುವಷ್ಟೇನಿಲ್ಲ. ತಂದೆತಾಯಿಯ ಆಸ್ತಿಯಲ್ಲಿ ಹೆಚ್ಚೆಂದರೆ ನೂರಕ್ಕೆ 5.64ರಷ್ಟನ್ನು ಮಾತ್ರ ಆ ವರ್ಷ ಓದಿಗೆ ಒದಗುವ ಹಣವೆಂದು ಸೂತ್ರ ಎಣಿಸುತ್ತದೆ. ಒಂದು ಲಕ್ಷ ಡಾಲರಿದ್ದರೆ ಹೆಚ್ಚೆಂದರೆ 5,640. ಮಗುವಿನ ಹೆಸರಿನಲ್ಲಿರುವ ಹಣಕ್ಕಾದರೆ ನೂರಕ್ಕೆ ಇಪ್ಪತ್ತು. ಅಜ್ಜಿ ಮೊಮ್ಮಗನಿಗೆಂದು ಅವನದೇ ಖಾತೆಯಲ್ಲಿ ಹಾಕಿದ ಹತ್ತು ಸಾವಿರ ಎರಡು ಸಾವಿರದಷ್ಟು ನೆರವನ್ನು ತಿನ್ನಬಹುದು. ಅದೇ ಹಣ ಅಪ್ಪ ಅಮ್ಮನ ಖಾತೆಯಲ್ಲಿದ್ದರೆ 564ರ ಒಳಗೆ. ಹೀಗಾಗಿ ಪ್ರೀತಿಯಿಂದ ಮಗುವಿನ ಹೆಸರಿಗೇ ಇಡುವ ನಮ್ಮ ಪದ್ಧತಿಗೆ ಇಲ್ಲಿ ಸ್ವಲ್ಪ ಬೆಲೆ ತೆರಬೇಕಾಗುತ್ತದೆ. ಸುಮಾರು ಖಾಸಗಿ ಕಾಲೇಜುಗಳು ಇದಲ್ಲದೆ ಸಿಎಸ್ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ಕೇಳುತ್ತವೆ. ಅದು ಮನೆಯ ಬೆಲೆಯನ್ನೂ ಕೆದಕುತ್ತದೆ. ಅದರಲ್ಲಿ ವಿಶೇಷ ಪರಿಸ್ಥಿತಿಗಳನ್ನು ಬರೆಯಲು ಜಾಗವಿದೆ. ಊರಿನಲ್ಲಿರುವ ತಂದೆತಾಯಿಯ ಔಷಧಕ್ಕೆ ನೀವು ಪ್ರತಿ ತಿಂಗಳು ಕಳಿಸುವ ಹಣದ ವಿಷಯ ಅಲ್ಲಿ ಬರೆಯಬೇಕು. ಬರೆಯದೆ ಅವರಿಗೆ ಗೊತ್ತಾಗುವುದು ಹೇಗೆ?

ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಮೊದಲು ಫಾಫ್ಸಾ ಲೆಕ್ಕದಲ್ಲಿ ರಿಯಾಯಿತಿ ಇತ್ತು. 2024-25ರಿಂದ ಸೂತ್ರ ಬದಲಾಗಿ ಅದು ಹೋಯಿತು. ಅಣ್ಣನಿಗೆ ಸಿಕ್ಕಿದ್ದು ತಂಗಿಗೂ ಸಿಗುತ್ತದೆಂದು ನೆಚ್ಚಿಕೊಂಡು ಕೂರಬೇಡಿ.

ಫಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಆದಾಯವನ್ನು. 2026ರ ಶರತ್ಕಾಲಕ್ಕೆ ಸೇರುವವರಿಗೆ 2024ರ ತೆರಿಗೆ ಲೆಕ್ಕ. ನಮ್ಮವರು ಹೆಚ್ಚಾಗಿರುವ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಎರಡು ವರ್ಷದಲ್ಲಿ ಏನೆಲ್ಲ ಆಗಬಹುದೆಂದು ನಿಮಗೆ ಹೇಳಬೇಕಿಲ್ಲ. ನಾನು ಬಲ್ಲ ಒಂದು ಮನೆಯಲ್ಲಿ ಮಗಳು ಹನ್ನೆರಡನೇ ತರಗತಿಯಲ್ಲಿದ್ದಾಗ ಫೆಬ್ರವರಿಯಲ್ಲಿ ತಂದೆಯ ಕೆಲಸ ಹೋಯಿತು. ಮಾರ್ಚಿನಲ್ಲಿ ಕಾಲೇಜಿನ ಪತ್ರ ಬಂತು. ಹಳೆಯ ಸಂಬಳ ನೋಡಿದ ಕಾಲೇಜು ಸಾಲ ಬಿಟ್ಟು ಬೇರೇನೂ ಕೊಟ್ಟಿರಲಿಲ್ಲ. ಅವರು ಬ್ಯಾಂಕಿನ ಖಾಸಗಿ ಸಾಲದ ಕಾಗದ ಹಿಡಿದು ಕೂತಿದ್ದರು. ಕಾಲೇಜಿಗೆ ಫೋನ್ ಮಾಡಿದಿರಾ ಎಂದರೆ, "ಕೆಲಸ ಹೋಯಿತು ಅಂತ ಅವರ ಹತ್ತಿರ ಹೇಗೆ ಹೇಳೋದು ಮೇಡಂ" ಎಂದರು ಆ ತಾಯಿ. ಕೂಟದವರಿಗೇ ಹೇಳಿರಲಿಲ್ಲ ಅವರು. ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು ಹಾಕಿಕೊಂಡು ಯಜಮಾನರು ಲೈಬ್ರರಿಗೆ ಹೋಗಿ ಬರುತ್ತಿದ್ದರು.

ಈ ಸಂಕೋಚ ನಮ್ಮದು, ಅವರದಲ್ಲ. ಪರಿಸ್ಥಿತಿ ಬದಲಾದಾಗ ಲೆಕ್ಕವನ್ನು ತಿದ್ದುವ ಅಧಿಕಾರವನ್ನು ಕಾನೂನೇ ಕಾಲೇಜಿನ ಫೈನಾನ್ಶಿಯಲ್ ಏಡ್ ಕಚೇರಿಗೆ ಕೊಟ್ಟಿದೆ. ಪ್ರೊಫೆಷನಲ್ ಜಡ್ಜ್‌ಮೆಂಟ್ ಎನ್ನುತ್ತಾರೆ. ಕೆಲಸ ಹೋದದ್ದು, ಕಾಯಿಲೆಯ ದೊಡ್ಡ ಬಿಲ್ಲು, ವಿಚ್ಛೇದನ, ಮನೆಯವರ ಸಾವು, ಇವೆಲ್ಲಕ್ಕೂ ಅದು ಅನ್ವಯಿಸುತ್ತದೆ. ಕಣ್ಣೀರಿನ ಪತ್ರ ಬೇಡ. ಕೆಲಸದಿಂದ ತೆಗೆದ ಪತ್ರದ ಪ್ರತಿ, ನಿರುದ್ಯೋಗ ಭತ್ಯೆಯ ಕಾಗದ, ಈ ವರ್ಷ ಬರಬಹುದಾದ ಆದಾಯದ ಅಂದಾಜು, ಒಂದು ಪುಟದ ವಿವರಣೆ, ಇಷ್ಟು ಸಾಕು. ಆ ಮನೆಯವರೂ ಇಷ್ಟನ್ನೇ ಕಳಿಸಿದರು. ಮೂರು ವಾರಕ್ಕೆ ಬದಲಾದ ಪತ್ರ ಬಂತು, ಅದರಲ್ಲಿ ತೀರಿಸಬೇಕಿಲ್ಲದ ಹಣವಿತ್ತು. ಮಗಳು ಆ ಕಾಲೇಜಿಗೇ ಹೋದಳು. ಎಲ್ಲ ಮನವಿಗಳೂ ಹೀಗೆ ಮುಗಿಯುವುದಿಲ್ಲ, ಇಲ್ಲ ಎಂದವರನ್ನೂ ಕಂಡಿದ್ದೇನೆ. ಆದರೆ ನಮ್ಮ ಅಜ್ಜಂದಿರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರಾನ್ನ ಉಂಡು ಓದಿದವರು. ತುಮಕೂರಿನ ಸಿದ್ಧಗಂಗೆಯಲ್ಲಿ ಉಚಿತ ಊಟ ವಸತಿ ಪಡೆದು ಓದಿ ದೊಡ್ಡ ಹುದ್ದೆಗೆ ಹೋದವರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಓದಿಗಾಗಿ ಕೇಳುವುದು ಯಾವತ್ತಿನಿಂದ ಅವಮಾನವಾಯಿತು ನಮಗೆ?

ಕಾಲೇಜಿನ ಪತ್ರವನ್ನು ಓದುವುದೂ ಒಂದು ವಿದ್ಯೆ. "ಅಭಿನಂದನೆಗಳು, ನಿಮಗೆ ಇಷ್ಟು ಸಾವಿರ ಡಾಲರ್ ಮಂಜೂರಾಗಿದೆ" ಎಂದು ದೊಡ್ಡ ಅಕ್ಷರದಲ್ಲಿರುತ್ತದೆ. ಒಳಗೆ ನೋಡಿದರೆ ಗ್ರ್ಯಾಂಟ್, ಸಾಲ, ಕ್ಯಾಂಪಸ್ ಕೆಲಸ ಎಲ್ಲವನ್ನೂ ಒಂದೇ ಮೊತ್ತಕ್ಕೆ ಕೂಡಿಸಿರುತ್ತಾರೆ. ಒಂದು ಪೆನ್ನು ತೆಗೆದುಕೊಂಡು ಲೋನ್ ಎಂಬ ಪದವಿರುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ಅನ್‌ಸಬ್ಸಿಡೈಸ್ಡ್ ಎಂದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಓಡುತ್ತದೆ. ವರ್ಕ್ ಸ್ಟಡಿ ಎಂದಿರುವುದನ್ನೂ ಹೊಡೆಯಿರಿ. ಮಗು ದುಡಿದ ಮೇಲೆ ಬರುವ ಸಂಬಳ ಅದು, ಫೀಸಿನಲ್ಲಿ ಕಳೆಯುವುದಿಲ್ಲ. ಉಳಿದದ್ದು ನಿಜವಾದ ನೆರವು. ಆಮೇಲೆ ಒಂದು ಪ್ರಶ್ನೆಯನ್ನು ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ: ಈ ಹಣ ನಾಲ್ಕು ವರ್ಷವೂ ಬರುತ್ತದೆಯೇ, ಎಷ್ಟು ಜಿಪಿಎ ಇದ್ದರೆ ಉಳಿಯುತ್ತದೆ?

ಎರಡೂ ಸಂಬಳದ ಮನೆಗಳಿಗೆ ಬಡತನದ ನೆರವು ಸಿಗದಿರುವುದು ಹೌದು. ಅವರು ಬೇರೆ ಕಡೆ ನೋಡಬೇಕು. ಐವಿ ಲೀಗಿನ ಎಂಟೂ ಕಾಲೇಜುಗಳಲ್ಲಿ ಪ್ರತಿಭೆಗೆಂದು ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಬೋರ್ಡಿನ ಮೇಲೆ ಹೆಸರು ಚಿಕ್ಕದಿರುವ ಕಡೆ ಇದೆ. ಅಲಬಾಮಾ ವಿಶ್ವವಿದ್ಯಾಲಯ ಬೇರೆ ರಾಜ್ಯದವರಿಗೂ ಜಿಪಿಎ, ಎಸ್ಎಟಿ ಅಂಕ ನೋಡಿ ಇಷ್ಟೆಂದು ಕೊಡುವ ಪಟ್ಟಿಯನ್ನೇ ಪ್ರಕಟಿಸುತ್ತದೆ. ಜಾರ್ಜಿಯಾದಲ್ಲಿರುವ ಕನ್ನಡಿಗರಿಗೆ 1993ರಿಂದ ನಡೆಯುತ್ತಿರುವ ಹೋಪ್ ಸ್ಕಾಲರ್‌ಶಿಪ್, ಫ್ಲಾರಿಡಾದವರಿಗೆ ಬ್ರೈಟ್ ಫ್ಯೂಚರ್ಸ್; ಇವಕ್ಕೆ ಮನೆಯ ಆದಾಯ ಅಡ್ಡ ಬರುವುದಿಲ್ಲ. ಪಶ್ಚಿಮದ ರಾಜ್ಯಗಳ ನಡುವೆ ಡಬ್ಲ್ಯುಯುಇ ಎಂಬ ಒಪ್ಪಂದವಿದೆ. ಅದರಡಿ ಪಕ್ಕದ ರಾಜ್ಯದ ಕಾಲೇಜು ತನ್ನ ರಾಜ್ಯದವರ ಫೀಸಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಎಲ್ಲ ಕ್ಯಾಂಪಸ್ಸೂ, ಎಲ್ಲ ಕೋರ್ಸೂ ಅದರಲ್ಲಿಲ್ಲ, ನೋಡಿಕೊಳ್ಳಬೇಕು. ಒಪ್ಪಂದವಿಲ್ಲದೆ ಬೇರೆ ರಾಜ್ಯಕ್ಕೆ ಹೋಗುವುದರ ಬೆಲೆ ಎಷ್ಟೆಂದರೆ, ಯುಸಿಯಲ್ಲಿ ಹೊರರಾಜ್ಯದವರು ವರ್ಷಕ್ಕೆ ಮೂವತ್ತು ಸಾವಿರ ಡಾಲರಿಗೂ ಹೆಚ್ಚು ಬರೀ ಹೊರಗಿನವರೆಂಬ ಕಾರಣಕ್ಕೇ ಕಟ್ಟುತ್ತಾರೆ. ಆ ಹಣಕ್ಕೆ ಅವರಿಗೆ ಬೇರೆ ಪಾಠ ಹೇಳುವುದಿಲ್ಲ.

ಇನ್ನು, ನಮ್ಮವರ ಮುಂದೆ ಹೇಳಿದರೆ ಮುಖ ಸಪ್ಪಗಾಗುವ ವಿಷಯ: ಕಮ್ಯೂನಿಟಿ ಕಾಲೇಜು. ಕ್ಯಾಲಿಫೋರ್ನಿಯಾದವರಿಗೆ ಅಲ್ಲಿ ಫೀಸು ಯೂನಿಟ್ಟಿಗೆ 46 ಡಾಲರ್. ವರ್ಷಕ್ಕೆ 30 ಯೂನಿಟ್ ಮಾಡಿದರೆ 1,380. ಎರಡು ವರ್ಷ ಮನೆಯಲ್ಲೇ ಇದ್ದು ಅಲ್ಲಿ ಓದಿ ಮೂರನೇ ವರ್ಷಕ್ಕೆ ಯುಸಿಗೆ ಹೋದರೆ, ಪದವಿಪತ್ರದ ಮೇಲೆ ಇರುವುದು ಯುಸಿಯ ಹೆಸರೇ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಈ ಆರು ಕ್ಯಾಂಪಸ್ಸುಗಳು ನಿಗದಿತ ವಿಷಯಗಳಲ್ಲಿ ನಿಗದಿತ ಅಂಕ ತೆಗೆದವರಿಗೆ ಸೀಟನ್ನು ಖಾತ್ರಿಯಾಗಿ ಕೊಡುತ್ತವೆ. ಟ್ಯಾಗ್ ಎಂದು ಅದರ ಹೆಸರು. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ ಇದರಲ್ಲಿಲ್ಲ, ಆದರೆ ಅವೂ ಕಮ್ಯೂನಿಟಿ ಕಾಲೇಜಿನಿಂದ ಸಾಕಷ್ಟು ಮಂದಿಯನ್ನು ತೆಗೆದುಕೊಳ್ಳುತ್ತವೆ. ಯಾವ ಪಾಠ ಯಾವುದಕ್ಕೆ ಸಮ ಎಂದು ಅಸಿಸ್ಟ್ ಎಂಬ ತಾಣದಲ್ಲಿ ಮೊದಲೇ ನೋಡಿಕೊಂಡು ಓದಬೇಕು. ಇಲ್ಲದಿದ್ದರೆ ಎರಡು ವರ್ಷದ ದಾರಿ ಮೂರಾಗುತ್ತದೆ, ಉಳಿತಾಯವೂ ಕರಗುತ್ತದೆ. ಕಂಪ್ಯೂಟರ್ ಸೈನ್ಸಿನಂಥ ವಿಷಯಕ್ಕೆ ಖಾತ್ರಿ ಎಲ್ಲ ಕಡೆ ಇರುವುದಿಲ್ಲ ಎಂಬುದೂ ನಿಜ. ಮಗು ಹೈಸ್ಕೂಲಿನಲ್ಲಿರುವಾಗಲೇ ಬೇಸಿಗೆಯಲ್ಲಿ ಇಲ್ಲಿ ಒಂದೆರಡು ಕೋರ್ಸು ಮಾಡಿದರೆ ಯೂನಿಟ್ಟಿನ ಫೀಸನ್ನೂ ಬಹುಮಟ್ಟಿಗೆ ಕೇಳುವುದಿಲ್ಲ. ನನ್ನ ಮಟ್ಟಿಗೆ, ಹತ್ತು ಎಪಿ ತೆಗೆದುಕೊಂಡು ನಿದ್ದೆಗೆಡುವುದಕ್ಕಿಂತ ಇದು ವಾಸಿ. ಎಪಿಯಲ್ಲಿ 3 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಯುಸಿ ಕ್ರೆಡಿಟ್ ಕೊಡುತ್ತದೆ, ಸರಿ. ಆದರೆ ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಅದಕ್ಕೆ ಮಿತಿ ಇರುತ್ತದೆ. ಡಾಕ್ಟರಾಗಬೇಕೆನ್ನುವ ಮಕ್ಕಳಿಗೆ ಕೆಲವು ಮೆಡಿಕಲ್ ಕಾಲೇಜುಗಳು ಎಪಿ ಕ್ರೆಡಿಟನ್ನು ಒಪ್ಪುವುದೇ ಇಲ್ಲ.

ಸೇರಿದ ಮೇಲೆ ಬರುವ ಮೊದಲ ಬಿಲ್ಲಿನಲ್ಲಿ ಆರೋಗ್ಯ ವಿಮೆ ಎಂದು ಸಾವಿರಾರು ಡಾಲರಿನ ಸಾಲೊಂದು ತಾನಾಗಿಯೇ ಸೇರಿರುತ್ತದೆ. ಇಪ್ಪತ್ತಾರು ವರ್ಷದವರೆಗೆ ಮಗು ನಿಮ್ಮ ಕೆಲಸದ ವಿಮೆಯಲ್ಲೇ ಇರಬಹುದು. ಅದು ಕಾಲೇಜಿನ ನಿಯಮಗಳಿಗೆ ಹೊಂದಿದರೆ ವೇವರ್ ಅರ್ಜಿ ಹಾಕಿ ಆ ಸಾಲನ್ನು ತೆಗೆಸಬಹುದು. ಗಡುವು ಸೆಮಿಸ್ಟರಿನ ಶುರುವಿನಲ್ಲೇ ಮುಗಿಯುತ್ತದೆ, ನೆನಪಿಸಿದ ಇಮೇಲು ಮಗುವಿನ ಕಾಲೇಜು ವಿಳಾಸಕ್ಕೆ ಹೋಗಿರುತ್ತದೆ, ಮಗು ಅದನ್ನು ತೆರೆದಿರುವುದಿಲ್ಲ. ಈ ಒಂದು ಕೆಲಸದಷ್ಟು ಸುಲಭದಲ್ಲಿ ಅಷ್ಟು ಹಣ ಉಳಿಸುವ ಇನ್ನೊಂದು ದಾರಿ ನಾನು ಕಂಡಿಲ್ಲ. ಕೆಲವು ಕಡೆ ಪ್ರತಿ ವರ್ಷವೂ ಮತ್ತೆ ಹಾಕಬೇಕು.

ಪುಸ್ತಕದ ವಿಷಯ ನಿಮ್ಮ ಮಕ್ಕಳಿಗೇ ಚೆನ್ನಾಗಿ ಗೊತ್ತು. ಹಿಂದಿನ ಆವೃತ್ತಿ, ಬಾಡಿಗೆ, ಲೈಬ್ರರಿಯ ರಿಸರ್ವ್, ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪುಕ್ಕಟೆ ಪುಸ್ತಕಗಳು. ಮೊದಲ ವಾರ ಮುಗಿಯುವವರೆಗೆ ಏನನ್ನೂ ಕೊಳ್ಳಬೇಡಿ ಎಂದಷ್ಟೇ ಹೇಳಿ.

ಊಟ ಮಾತ್ರ ದೊಡ್ಡದು. ಸಸ್ಯಾಹಾರಿ ಮಗುವಿಗೆ ವಾರಕ್ಕೆ ಹತ್ತೊಂಬತ್ತು ಊಟದ ಮೀಲ್ ಪ್ಲ್ಯಾನ್ ಕೊಂಡು, ಅದು ಸಲಾಡು ತಿಂದು ಬೇಸತ್ತು ಹೊರಗೆ ಬುರ್ರಿಟೋ ಕೊಳ್ಳುವುದೆಂದರೆ ಎರಡು ಸಲ ಊಟಕ್ಕೆ ಕೊಟ್ಟ ಹಾಗೆ. ಮೊದಲ ಕೆಲವು ವಾರದಲ್ಲಿ ಚಿಕ್ಕ ಪ್ಲ್ಯಾನಿಗೆ ಇಳಿಸಲು ಬಹಳ ಕಡೆ ಅವಕಾಶವಿರುತ್ತದೆ. ಎರಡನೇ ವರ್ಷಕ್ಕೆ ಅಪಾರ್ಟ್‌ಮೆಂಟಿಗೆ ಹೋಗುವ ಮುಂಚಿನ ಬೇಸಿಗೆಯಲ್ಲಿ ಹುಳಿ, ಚಿತ್ರಾನ್ನ, ಪಲ್ಯ ಇಷ್ಟನ್ನು ಹೇಳಿಕೊಡಿ, ಹುಡುಗನಿಗೂ. ಅಪಾರ್ಟ್‌ಮೆಂಟಿನ ಕರಾರು ಹನ್ನೆರಡು ತಿಂಗಳದ್ದು, ಪಾಠ ಒಂಬತ್ತು ತಿಂಗಳದ್ದು. ಬೇಸಿಗೆಗೆ ಬೇರೆಯವರಿಗೆ ಬಾಡಿಗೆಗೆ ಕೊಡಬಹುದೇ ಎಂದು ಸಹಿಗೆ ಮುಂಚೆ ಓದಿಕೊಳ್ಳಬೇಕು. ಡಾರ್ಮಿನಲ್ಲಿ ಆರ್‌ಎ ಆಗಿ ಕೆಲಸ ಮಾಡುವ ಹಿರಿಯ ವಿದ್ಯಾರ್ಥಿಗಳಿಗೆ ಕೋಣೆ, ಹಲವು ಕಡೆ ಊಟವೂ, ಬಿಟ್ಟಿಯಾಗಿ ಸಿಗುತ್ತದೆ.

ಈಗ ಸಾಲ. ತಂದೆತಾಯಿಯನ್ನು ಅವಲಂಬಿಸಿದ ವಿದ್ಯಾರ್ಥಿಗೆ ಸರ್ಕಾರ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಡಾಲರ್ ಕೊಡುತ್ತದೆ. ನಾಲ್ಕು ವರ್ಷಕ್ಕೆ 27,000. ಇಷ್ಟು ಸಾಲವನ್ನು ಒಬ್ಬ ಪದವೀಧರ ಹೊರಬಲ್ಲ. ಅಲ್ಲಿಂದ ಮೇಲಿನದು ತಂದೆತಾಯಿಯ ಹೆಗಲಿಗೆ ಬರುತ್ತದೆ. ಪೇರೆಂಟ್ ಪ್ಲಸ್ ಸಾಲಕ್ಕೆ ಇದುವರೆಗೆ ಕಾಲೇಜಿನ ಖರ್ಚೇ ಮಿತಿಯಾಗಿತ್ತು. 2025ರ ಹೊಸ ಕಾನೂನಿನಿಂದ 2026ರ ಜುಲೈ 1ರ ನಂತರ ಹೊಸದಾಗಿ ಸಾಲ ಮಾಡುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಎಂಬ ಮಿತಿ ಬರುತ್ತದೆ. ಅದನ್ನು ಮೀರಿದ ಕನಸಿಗೆ ಉಳಿಯುವುದು ಬ್ಯಾಂಕಿನ ಖಾಸಗಿ ಸಾಲ, ಅಥವಾ 401-ಕೆಗೆ ಕೈ ಹಾಕುವುದು. ಎರಡನೆಯದನ್ನು ಮಾಡುವ ಮುಂಚೆ ನಿಮ್ಮ ವಯಸ್ಸನ್ನು ಒಂದು ಸಲ ಗಟ್ಟಿಯಾಗಿ ಹೇಳಿಕೊಳ್ಳಿ. ಮೂವತ್ತು ದಾಟಿ ಈ ದೇಶಕ್ಕೆ ಬಂದವರ ನಿವೃತ್ತಿಯ ಖಾತೆ ಮೊದಲೇ ತೆಳು. ಊರಿನಲ್ಲಿ ನಮ್ಮ ಅಪ್ಪಂದಿರಿಗೆ ಪಿಂಚಣಿ ಇತ್ತು, ಇಲ್ಲದಿದ್ದರೆ ನಾವಿದ್ದೆವು. ನಮ್ಮ ಮಕ್ಕಳನ್ನು ಆ ಜಾಗದಲ್ಲಿ ನಿಲ್ಲಿಸುತ್ತೇವೆಯೇ ಎಂದು ಅವರಿಗೆ ಹದಿನೇಳು ವರ್ಷವಿರುವಾಗ ಯೋಚಿಸಬೇಕು, ನಮಗೆ ಎಪ್ಪತ್ತಾದಾಗ ಅಲ್ಲ.

ಆ ಆರೇಳು ಕಾಲೇಜಿನ ಹಾಳೆಯನ್ನು ಮಗುವಿನ ಎದುರಿಗೇ ಬರೆಯಿರಿ ಎಂದದ್ದು ಇದಕ್ಕೆ. "ನೀನು ಓದು, ದುಡ್ಡಿನ ಚಿಂತೆ ನಮಗಿರಲಿ" ಎಂಬುದು ನಮ್ಮ ಮನೆಗಳ ಮಾತು. ಪ್ರೀತಿಯ ಮಾತೇ. ಆದರೆ ಅದನ್ನು ನಂಬಿದ ಮಗು ಅರ್ಲಿ ಡಿಸಿಷನ್ ಎಂದು ಒಂದೇ ಕಾಲೇಜಿಗೆ ಬದ್ಧವಾಗಿ ಅರ್ಜಿ ಹಾಕುತ್ತದೆ, ಡಿಸೆಂಬರಿನಲ್ಲಿ ಸೀಟು ಬರುತ್ತದೆ, ಬೇರೆಯವರ ನೆರವಿನ ಪತ್ರದ ಜೊತೆ ಹೋಲಿಸಲು ಬೇರೆ ಪತ್ರವೇ ಇರುವುದಿಲ್ಲ. "ನಾವು ವರ್ಷಕ್ಕೆ ಇಷ್ಟು ಕೊಡಬಲ್ಲೆವು, ಇದಕ್ಕಿಂತ ಹೆಚ್ಚಾದರೆ ನಿನ್ನ ಹೆಸರಿನಲ್ಲಿ ಸಾಲ" ಎಂದು ಹನ್ನೊಂದನೇ ತರಗತಿಯಲ್ಲೇ ಅಂಕಿ ಹೇಳಿದ ಮನೆಗಳಲ್ಲಿ ನಾನು ಜಗಳ ಕಂಡದ್ದು ಕಡಿಮೆ. ಏಪ್ರಿಲಿನಲ್ಲಿ ಹೇಳಿದ ಮನೆಗಳಲ್ಲಿ ಬಾಗಿಲು ಧಡ್ ಎಂದು ಹಾಕಿಕೊಂಡದ್ದು ಕೇಳಿದ್ದೇನೆ. ಮಕ್ಕಳು ಲೆಕ್ಕ ಅರಿಯದವರಲ್ಲ. ಒಬ್ಬ ಹುಡುಗ ಆ ಹಾಳೆಯನ್ನು ತಿರುಗಿಸಿಕೊಂಡು, ಅಪ್ಪ ಬಿಟ್ಟಿದ್ದ ವಿಮಾನದ ಖರ್ಚನ್ನು ತಾನೇ ಸೇರಿಸಿದ.

ಕಿರಿಯ ಮಕ್ಕಳಿರುವವರಿಗೆ ಎರಡು ಮಾತು. 529 ಖಾತೆಯಲ್ಲಿ ಬೆಳೆದ ಹಣಕ್ಕೆ ಓದಿಗೆ ಬಳಸಿದರೆ ತೆರಿಗೆ ಇಲ್ಲ. ನ್ಯೂಯಾರ್ಕ್, ಇಲಿನಾಯ್‌ಯಂಥ ರಾಜ್ಯಗಳು ಹಾಕುವಾಗಲೂ ರಾಜ್ಯ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತವೆ. ಕ್ಯಾಲಿಫೋರ್ನಿಯಾ ಕೊಡುವುದಿಲ್ಲ, ಹಾಗಾಗಿ ಇಲ್ಲಿಯವರು ಖರ್ಚು ಕಡಿಮೆ ಇರುವ ಯಾವ ರಾಜ್ಯದ ಯೋಜನೆಯನ್ನಾದರೂ ಆರಿಸಬಹುದು. "ಮಗು ಕಾಲೇಜಿಗೇ ಹೋಗದಿದ್ದರೆ?" ಎಂಬ ಭಯಕ್ಕೂ ಈಗ ಸ್ವಲ್ಪ ಉತ್ತರವಿದೆ. ಖಾತೆಗೆ ಹದಿನೈದು ವರ್ಷ ತುಂಬಿದ್ದರೆ, 2024ರಿಂದ 35,000 ಡಾಲರಿನವರೆಗೆ ಅದನ್ನು ಮಗುವಿನ ರಾತ್ ಐಆರ್‌ಎಗೆ ವರ್ಷವರ್ಷದ ಮಿತಿಯೊಳಗೆ ಸಾಗಿಸಬಹುದು. ಚಿಕ್ಕ ಮೊತ್ತದಲ್ಲಾದರೂ ಇವತ್ತೇ ತೆರೆದರೆ ಆ ಹದಿನೈದು ವರ್ಷ ಇವತ್ತಿನಿಂದಲೇ ಎಣಿಕೆಯಾಗುತ್ತದೆ.

ಖಾತೆ ಈಗಾಗಲೇ ಇರುವವರು ಕಾಲೇಜಿನ ಬಿಲ್ಲನ್ನೆಲ್ಲ ಅದರಿಂದಲೇ ಕಟ್ಟಬೇಡಿ. ಪ್ರತಿ ವರ್ಷ ಫೀಸು ಪುಸ್ತಕಗಳ ನಾಲ್ಕು ಸಾವಿರ ಡಾಲರನ್ನು ಸಾಮಾನ್ಯ ಬ್ಯಾಂಕ್ ಖಾತೆಯಿಂದ ಕಟ್ಟಿದರೆ ಅಮೆರಿಕನ್ ಆಪರ್ಚುನಿಟಿ ಎಂಬ ತೆರಿಗೆ ರಿಯಾಯಿತಿಯಲ್ಲಿ 2,500 ಡಾಲರ್ ವಾಪಸ್ಸು ಬರುತ್ತದೆ, ನಾಲ್ಕು ವರ್ಷ. ಗಂಡ ಹೆಂಡತಿ ಸೇರಿ ಸಲ್ಲಿಸುವ ತೆರಿಗೆಯಲ್ಲಿ ಆದಾಯ 1,60,000 ದಾಟಿದರೆ ಅದು ಇಳಿಯುತ್ತಾ ಹೋಗಿ 1,80,000ಕ್ಕೆ ನಿಲ್ಲುತ್ತದೆ. ಕೆಲಸ ಹೋದ ವರ್ಷ ಈ ಸಾಲನ್ನು ಮರೆಯದೆ ನೋಡಿ. ಅನೇಕ ಮನೆಗಳು ಅರ್ಹವಾಗುವುದು ಆ ವರ್ಷವೇ. ಕ್ಯಾಲಿಫೋರ್ನಿಯಾದವರಿಗೆ ಕ್ಯಾಲ್ ಗ್ರ್ಯಾಂಟಿನ ಗಡುವು ಮಾರ್ಚ್ 2. ಫಾಫ್ಸಾಕ್ಕೆ ಮಗುವಿಗೊಂದು, ನಿಮಗೊಂದು ಬೇರೆ ಬೇರೆ ಖಾತೆ ಬೇಕು. ಅದನ್ನು ಸೆಪ್ಟೆಂಬರಿನಲ್ಲೇ ಮಾಡಿಟ್ಟುಕೊಳ್ಳಿ, ಗುರುತಿನ ಪರಿಶೀಲನೆಗೆ ಕೆಲವೊಮ್ಮೆ ಕೆಲವು ದಿನ ಹಿಡಿಯಬಹುದು.